ಕೆಂಪು, ಹಳದಿ, ನೀಲಿ ಅಷ್ಟೇ: ಬಣ್ಣವನ್ನೇ ತಕ್ಕಡಿಗೆ ಹಾಕಿದ ಪೀಟ್ ಮಾಂಡ್ರಿಯನ್

ನಾಲ್ಕು ಕಪ್ಪು ಗೆರೆ, ನಡುವೆ ಬಿಳಿ ಚೌಕಗಳು, ಒಂದು ಕೆಂಪು, ಒಂದು ನೀಲಿ, ಮೂಲೆಯಲ್ಲಿ ಚೂರು ಹಳದಿ. ಇದೂ ಒಂದು ಚಿತ್ರಾನಾ, ಸ್ಕೇಲ್ ಕೊಟ್ರೆ ಶಾಲೆ ಮಕ್ಕಳೂ ಗೀಚ್ತಾರೆ ಅಂತ ಯಾರಿಗಾದ್ರೂ ಅನಿಸುತ್ತೆ. ಆದ್ರೆ ಗೆರೆ ಎಲ್ಲಿ ನಿಲ್ಲಬೇಕು, ಕೆಂಪಿಗೆ ಎಷ್ಟು ಜಾಗ ಕೊಡಬೇಕು ಅನ್ನೋದಕ್ಕೇ ಒಬ್ಬರು ಇಡೀ ಆಯಸ್ಸು ಸವೆಸಿದರು. ಅವರೇ ಹಾಲೆಂಡಿನ ಪೀಟ್ ಮಾಂಡ್ರಿಯನ್.

ಮೇಷ್ಟ್ರ ಮಗ

ಹುಟ್ಟಿದ್ದು 1872ರ ಮಾರ್ಚ್ 7ರಂದು, ಆಮರ್ಸ್‌ಫೋರ್ಟ್ ಎಂಬ ಊರಲ್ಲಿ. ಅಪ್ಪ ಶಾಲೆಯ ಹೆಡ್‌ಮಾಸ್ಟರ್, ಚಿಕ್ಕಪ್ಪ ಚಿತ್ರಕಾರ. ಮಗನೂ ಡ್ರಾಯಿಂಗ್ ಮೇಷ್ಟ್ರ ಪರೀಕ್ಷೆ ಪಾಸಾಗಿ, 1892ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಕಲಾಶಾಲೆ ಸೇರಿದ. ಆಗ ಬರೀತಿದ್ದದ್ದು ಎಲ್ಲರಂತೆಯೇ: ಗಾಳಿಗಿರಣಿ, ಹೊಳೆ, ಹೊಲ, ಮರ. 1909ರಲ್ಲಿ ಥಿಯಾಸಫಿಕಲ್ ಸೊಸೈಟಿ ಸೇರಿದರು. ನಮ್ಮ ಚೆನ್ನೈನ ಅಡ್ಯಾರ್‌ನಲ್ಲಿ ಕೇಂದ್ರ ಕಚೇರಿ ಇರುವ ಸಂಸ್ಥೆಯೇ ಅದು. ಕಣ್ಣಿಗೆ ಕಾಣೋದರ ಹಿಂದೆ ಒಂದು ನಿಯಮ ಇದೆ ಅನ್ನೋ ನಂಬಿಕೆ ಅಲ್ಲಿ ಗಟ್ಟಿಯಾಯ್ತು.

ಆ ಹೊತ್ತಿನ ಅವರ ಮರಗಳನ್ನು ಸಾಲಾಗಿಟ್ಟು ನೋಡಬೇಕು. ಮೊದಲ ಮರ ಉರಿಯೋ ಕೆಂಪು, ಆದರೂ ಮರವೇ. 1911ರದ್ದು ಬೂದು ಬಣ್ಣ, ಕೊಂಬೆಗಳು ಬರೀ ಗೆರೆಗಳಾಗ್ತಿವೆ. 1912ರ ಸೇಬಿನ ಮರದಲ್ಲಿ ಮರವನ್ನು ಹುಡುಕಬೇಕು, ಉಳಿದಿರೋದು ಬಾಗಿದ ಗೆರೆಗಳು ಮಾತ್ರ. ಆಮೇಲೆ ಆ ಬಾಗೂ ಹೋಯ್ತು. ಉದ್ದ ಗೆರೆ, ಅಡ್ಡ ಗೆರೆ, ಮೂರು ಬಣ್ಣ, ಜೊತೆಗೆ ಕಪ್ಪು, ಬಿಳುಪು, ಬೂದು ಇಷ್ಟೇ ಉಳೀತು.

ಸಣ್ಣದೂ ತೂಗುತ್ತೆ

1930ರ ಒಂದು ಪ್ರಸಿದ್ಧ ಚಿತ್ರ ನೋಡಿ. ಬಲಗಡೆ ಮೇಲೆ ದೊಡ್ಡ ಕೆಂಪು ಚೌಕ. ಎಡಗಡೆ ಕೆಳಗೆ ಸಣ್ಣ ನೀಲಿ, ಬಲಗಡೆ ಕೆಳಮೂಲೆಯಲ್ಲಿ ಅದಕ್ಕಿಂತ ಚಿಕ್ಕ ಹಳದಿ. ಅಳತೆಯಲ್ಲಿ ಯಾವುದೂ ಸಮ ಇಲ್ಲ, ಆದ್ರೂ ಚಿತ್ರ ವಾಲಲ್ಲ. ನೀಲಿಯನ್ನು ಬೆರಳಲ್ಲಿ ಮುಚ್ಚಿದ್ರೆ ಕೆಂಪು ಆ ಕಡೆಗೇ ಎಳೆದ ಹಾಗೆ ಕಾಣುತ್ತೆ. ಅಂಗಡಿಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿ ಹತ್ತಿ ರಾಶಿ ಇದ್ರೂ ಇನ್ನೊಂದು ಕಡೆ ಸಣ್ಣ ಕಬ್ಬಿಣದ ಬಟ್ಟು ಸಾಕು. ಇಲ್ಲಿ ಬಟ್ಟಿನ ಕೆಲಸ ಮಾಡ್ತಿರೋದು ನೀಲಿ. ಕಪ್ಪು ಗೆರೆಗಳೂ ಎಲ್ಲಾ ಒಂದೇ ದಪ್ಪ ಇಲ್ಲ. ಅದೂ ತೂಕದ ಲೆಕ್ಕವೇ.

ಈ ಲೆಕ್ಕದಲ್ಲಿ ಅವರು ರಾಜಿ ಆಗಲಿಲ್ಲ. 1917ರಲ್ಲಿ ತಿಯೊ ವಾನ್ ಡೂಸ್‌ಬರ್ಗ್ ಜೊತೆ ಸೇರಿ 'ಡಿ ಸ್ಟೈಲ್' ಎಂಬ ಕಲಾಬಳಗ ಕಟ್ಟಿದ್ದರು. ಗೆಳೆಯ ಚಿತ್ರದೊಳಗೆ ಓರೆ ಗೆರೆ ತಂದಾಗ 1925ರ ಹೊತ್ತಿಗೆ ಬಳಗವನ್ನೇ ಬಿಟ್ಟು ಹೊರಬಂದರು.

ಹೊಟ್ಟೆಪಾಡಿಗೆ ಹೂವು

ಇಂಥ ಚಿತ್ರ ಕೊಳ್ಳೋರು ಕಮ್ಮಿ. ಹೀಗಾಗಿ ಪ್ಯಾರಿಸ್‌ನಲ್ಲಿ 1920ರ ದಶಕದಲ್ಲಿ ಹೊಟ್ಟೆಪಾಡಿಗೆ ಹೂವಿನ ಚಿತ್ರ ಬರೆದು ಮಾರಿದರು. ಮರವನ್ನೇ ಬಿಟ್ಟುಬಂದವರು ಮತ್ತೆ ಹೂವಿನ ಮುಂದೆ ಕೂರಬೇಕಾಯ್ತು. ಸ್ಟುಡಿಯೋದಲ್ಲಿ ಒಂದು ಕೃತಕ ಟುಲಿಪ್ ಹೂವಿತ್ತು. ಅದರ ಎಲೆಗೂ ಬಿಳಿ ಬಣ್ಣ ಬಳಿದಿದ್ದರು. ಅವರಿಗೆ ಹಸಿರು ಅಂದ್ರೇ ಆಗ್ತಿರಲಿಲ್ಲ ಅಂತ ಗೆಳೆಯರು ಹೇಳ್ತಿದ್ದರು. ಮದುವೆ ಆಗಲಿಲ್ಲ. ಗೋಡೆಗೆ ಬಣ್ಣದ ರಟ್ಟಿನ ಚೌಕಗಳನ್ನು ಹಚ್ಚಿ, ಜಾಗ ಬದಲಿಸಿ, ಮತ್ತೆ ಹಚ್ಚೋದು ನಡೀತಾನೇ ಇತ್ತು.

1937ರಲ್ಲಿ ನಾಜಿಗಳು ಅವರ ಚಿತ್ರಗಳನ್ನು ಕೆಟ್ಟ ಕಲೆ ಎಂದು ಪ್ರದರ್ಶನಕ್ಕಿಟ್ಟು ಹಂಗಿಸಿದರು. ಯುದ್ಧದ ಭಯಕ್ಕೆ 1938ರಲ್ಲಿ ಲಂಡನ್‌ಗೆ ಹೋದರು. ಅಲ್ಲೂ ಬಾಂಬ್ ಬಿದ್ದಾಗ 1940ರಲ್ಲಿ ಹಡಗು ಹತ್ತಿ ನ್ಯೂಯಾರ್ಕ್ ಸೇರಿದರು. ಆಗ ವಯಸ್ಸು 68.

ಮತ್ತೆ ಕಿತ್ತು ಮತ್ತೆ ಹಚ್ಚಿ

ಆ ವಯಸ್ಸಲ್ಲಿ ಎಲ್ಲಾ ಬದಲಾಯ್ತು. ಬೂಗಿ ವೂಗಿ ಸಂಗೀತದ ಹುಚ್ಚು ಹಿಡೀತು. ಇಷ್ಟು ವರ್ಷ ಬಿಡದ ಕಪ್ಪು ಗೆರೆಯನ್ನೇ ಬಿಟ್ಟರು. 'ಬ್ರಾಡ್‌ವೇ ಬೂಗಿ ವೂಗಿ' ಚಿತ್ರದಲ್ಲಿ ಹಳದಿ ಗೆರೆಗಳ ಮೇಲೆ ಕೆಂಪು, ನೀಲಿ ಚುಕ್ಕಿಗಳು ರಾತ್ರಿ ಪೇಟೆಯ ದೀಪದಂತೆ ಓಡ್ತವೆ. ಗೆರೆ ಜಾಗ ನೋಡೋಕೆ ಬಣ್ಣದ ಟೇಪ್ ಬಳಸೋಕೆ ಶುರು ಮಾಡಿದರು. ಇಷ್ಟ ಆಗದಿದ್ರೆ ಕಿತ್ತು ಬೇರೆ ಕಡೆ ಅಂಟಿಸಬಹುದಿತ್ತು.

ಅಂಥ ಒಂದು ಟೇಪಿನ ಚಿತ್ರ ದಶಕಗಳಿಂದ ತಲೆಕೆಳಗಾಗಿ ತೂಗ್ತಿದೆ ಅಂತ 2022ರಲ್ಲಿ ಜರ್ಮನಿಯ ಮ್ಯೂಸಿಯಂನವರೇ ಹೇಳಿದರು. ಜಗತ್ತು ನಕ್ಕಿತು. ತಿರುಗಿಸಿದ್ರೆ ಹಳೇ ಟೇಪ್ ಕಳಚಿ ಬೀಳುತ್ತೆ ಅಂತ ಹಾಗೇ ಬಿಟ್ಟರು.

ಕೊನೆಯ ಚಿತ್ರ 'ವಿಕ್ಟರಿ ಬೂಗಿ ವೂಗಿ'. ಹೆಚ್ಚೂಕಮ್ಮಿ ಮುಗಿದಿತ್ತು. ಆದ್ರೆ 1944ರ ಜನವರಿಯಲ್ಲಿ ಅದರ ಮೇಲೆ ಮತ್ತೆ ಟೇಪ್ ಚೂರು ಹಚ್ಚಿ ಸರಿಮಾಡೋಕೆ ಕೂತರು. ನ್ಯುಮೋನಿಯಾ ಬಂತು. ಫೆಬ್ರವರಿ 1ರಂದು, 71ನೇ ವಯಸ್ಸಲ್ಲಿ ತೀರಿಕೊಂಡರು. 1998ರಲ್ಲಿ ಅದೇ ಚಿತ್ರವನ್ನು ಹಾಲೆಂಡ್ 8 ಕೋಟಿ ಗಿಲ್ಡರ್ ಕೊಟ್ಟು ಕೊಂಡಾಗ ಇಷ್ಟು ದುಡ್ಡು ಯಾಕೆ ಅಂತ ದೊಡ್ಡ ಗಲಾಟೆಯೇ ಆಯ್ತು. ಹೊಟ್ಟೆಗಾಗಿ ಹೂವು ಬರೆದವರ ಚಿತ್ರ ಈಗ ಹೇಗ್ ನಗರದ ಮ್ಯೂಸಿಯಂನಲ್ಲಿದೆ. ಅವರು ಅಂಟಿಸಿದ ಟೇಪ್ ಚೂರುಗಳು ಇನ್ನೂ ಅದರ ಮೇಲಿವೆ.