ಮಸೀಹುಲ್ ಮುಲ್ಕ್ ಹಕೀಂ ಅಜ್ಮಲ್ ಖಾನ್

ವೈದ್ಯರ ಒಳ್ಳೆಯ ಮಾತಿನಿಂದಲೇ ಅರ್ಧ ಕಾಯಿಲೆ ವಾಸಿಯಾಗುತ್ತದೆ ಎಂದು ಹಿರಿಯರು ಹೇಳುವುದನ್ನು ನೀವು ಕೇಳಿದ್ದೀರಿ. ಈ ಮಾತನ್ನು ಬದುಕಿ ತೋರಿಸಿದವರು ದೆಹಲಿಯ ಹಕೀಂ ಅಜ್ಮಲ್ ಖಾನ್.

ಅವರು 1868ರಲ್ಲಿ ಪ್ರಸಿದ್ಧ ಹಕೀಮರ ಮನೆತನದಲ್ಲಿ ಜನಿಸಿದರು. ಯುನಾನಿ ವಿದ್ಯೆಯನ್ನು ಮನೆಯ ಹಿರಿಯರಿಂದಲೇ ಕಲಿತು, 1892ರಿಂದ ಸುಮಾರು ಹತ್ತು ವರ್ಷ ರಾಂಪುರದ ನವಾಬರಿಗೆ ಮುಖ್ಯ ಹಕೀಮರಾಗಿದ್ದರು. ನಾಡಿ ನೋಡಿ ರೋಗ ಹೇಳುವುದರಲ್ಲಿ ಅವರಿಗೆ ಸಾಟಿಯಿರಲಿಲ್ಲ. ಪರಊರಿನ ಶ್ರೀಮಂತರು ಕರೆಸಿಕೊಂಡರೆ ದಿನಕ್ಕೆ 1,000 ರೂಪಾಯಿ ಶುಲ್ಕ. ಆದರೆ ಬಲ್ಲಿಮಾರಾನಿನ ಶರೀಫ್ ಮಂಜಿಲ್‌ಗೆ ಬಂದ ಬಡವರಿಗೆ ಚಿಕಿತ್ಸೆ ಉಚಿತ.

ಗಳಿಸಿದ್ದನ್ನು ಅವರು ಕೂಡಿಡಲಿಲ್ಲ. 1909ರಲ್ಲಿ ಹೆಣ್ಣುಮಕ್ಕಳಿಗೆ ಸೂಲಗಿತ್ತಿ ತರಬೇತಿ ನೀಡುವ ಶಾಲೆ ತೆರೆದರು. ಯುನಾನಿ ಮತ್ತು ಆಯುರ್ವೇದ ಎರಡನ್ನೂ ಒಂದೇ ಸೂರಿನಡಿ ಕಲಿಸುವ ತಿಬ್ಬಿಯಾ ಕಾಲೇಜನ್ನು ಕಟ್ಟಿದರು. ಅದನ್ನು 1921ರಲ್ಲಿ ಗಾಂಧೀಜಿ ಉದ್ಘಾಟಿಸಿದರು. ತಮ್ಮ ಔಷಧಾಲಯದ ಆದಾಯವನ್ನೂ ಆ ಕಾಲೇಜಿಗೇ ಬಿಟ್ಟುಕೊಟ್ಟರು.

1920ರಲ್ಲಿ ಬ್ರಿಟಿಷ್ ಸರ್ಕಾರ ಕೊಟ್ಟಿದ್ದ ಬಿರುದನ್ನು ಹಿಂತಿರುಗಿಸಿದಾಗ ಜನರೇ ಅವರನ್ನು ಮಸೀಹುಲ್ ಮುಲ್ಕ್, ಅಂದರೆ ನಾಡಿನ ರೋಗ ನೀಗಿಸುವವರು ಎಂದು ಕರೆದರು. ಅದೇ ವರ್ಷ ಸ್ಥಾಪನೆಯಾದ ಜಾಮಿಯಾ ಮಿಲ್ಲಿಯಾದ ಮೊದಲ ಕುಲಾಧಿಪತಿ ಅವರೇ. ಹಣವಿಲ್ಲದೆ ಆ ಸಂಸ್ಥೆ ಮುಚ್ಚುವ ಸ್ಥಿತಿಗೆ ಬಂದಾಗ ಅದನ್ನು 1925ರಲ್ಲಿ ಅಲಿಗಢದಿಂದ ದೆಹಲಿಗೆ ತಂದು, ತಮ್ಮ ಜೇಬಿನಿಂದಲೇ ಖರ್ಚು ನೀಗಿಸಿ ಉಳಿಸಿದರು.

ಇಷ್ಟೆಲ್ಲ ಮಾಡಿದವರಿಗೆ ಸ್ವತಃ ಹೃದಯದ ಕಾಯಿಲೆಯಿತ್ತು. ಅದರಿಂದಲೇ 1927ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಆದ್ದರಿಂದ ದಯೆ ತೋರಿದವರಿಗೆ ಕಾಯಿಲೆಯೇ ಬರುವುದಿಲ್ಲ ಎಂದು ಯಾರೂ ತಿಳಿಯಬಾರದು. ಆದರೆ ದಯೆ ವ್ಯರ್ಥವಾಗುವುದಿಲ್ಲ. ಅವರು ಪ್ರೋತ್ಸಾಹಿಸಿದ ಯುವ ವಿಜ್ಞಾನಿ ಸಲೀಮುಜ್ಜಮಾನ್ ಸಿದ್ದೀಕಿ 1931ರಲ್ಲಿ ಸರ್ಪಗಂಧದ ಬೇರಿನಿಂದ ಒಂದು ರಾಸಾಯನಿಕವನ್ನು ಬೇರ್ಪಡಿಸಿ, ಅದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು. ಮುಂದೆ ಅದು ಹೃದಯ ಬಡಿತದ ಏರುಪೇರಿಗೇ ಔಷಧಿಯಾಯಿತು.

ವಿದ್ಯಾರ್ಥಿಗಳೇ, ಪರರಿಗೆ ನೆರವಾಗುವವರ ಮನಸ್ಸೂ ಹಗುರಾಗುತ್ತದೆ, ಒಂಟಿತನ ಕಡಿಮೆಯಾಗುತ್ತದೆ ಎಂದು ಇಂದಿನ ವಿಜ್ಞಾನವೂ ಹೇಳುತ್ತದೆ. ಅದಕ್ಕೆ ಹಕೀಮರ ಸಂಪತ್ತು ಬೇಕಿಲ್ಲ. ಹಲವು ದಿನಗಳಿಂದ ಶಾಲೆಗೆ ಬಾರದ ಗೆಳೆಯನ ಮನೆಗೆ ಹೋಗಿ ಹೇಗಿದ್ದೀಯಾ ಎಂದು ಕೇಳಿ. ಮುದುಕರ ಕೈಯಿಂದ ಔಷಧಿ ಚೀಟಿ ಇಸಿದುಕೊಂಡು ಅಂಗಡಿಗೆ ಹೋಗಿ ಬನ್ನಿ. ಅಷ್ಟನ್ನು ಇಂದೇ ಮಾಡಬಹುದು.