ಬಾಡ್ ರೇಟ್ ಹಿಂದಿನ ಮನುಷ್ಯ

ಲ್ಯಾಬಲ್ಲಿ ಬಾಡ್ ರೇಟ್ 9600 ಅಂತ ಹಾಕ್ತೀವಲ್ಲ, ಆ ಹೆಸರು ಎಮಿಲ್ ಬೋಡೋ ಅವರದು. 1845ರಲ್ಲಿ ಫ್ರಾನ್ಸಿನ ರೈತರ ಮನೆಯಲ್ಲಿ ಹುಟ್ಟಿದವರು. ಓದಿದ್ದು ಪ್ರಾಥಮಿಕ ಶಾಲೆಯಷ್ಟೇ. (ನಮ್ಮ ಹಾಗೆ ಸೆಮಿಸ್ಟರ್ ಕಾಟ ಇರಲಿಲ್ಲ!) 1869ರಲ್ಲಿ ಟೆಲಿಗ್ರಾಫ್ ಇಲಾಖೆ ಸೇರಿದರು.

ಮೋರ್ಸ್ ಕೋಡಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಉದ್ದ. ಅಕ್ಷರ ಎಲ್ಲಿ ಮುಗೀತು ಅಂತ ಪಳಗಿದ ಕಿವಿಗೆ ಗೊತ್ತಾಗುತ್ತೆ, ಯಂತ್ರಕ್ಕೆ ಕಷ್ಟ. ಬೋಡೋ ರೂಪಿಸಿದ ಟೆಲಿಗ್ರಾಫ್‌ನಲ್ಲಿ ಪ್ರತಿ ಅಕ್ಷರಕ್ಕೂ ಐದೇ ಬಿಟ್. ಐದು ಎಣಿಸಿದರೆ ಅಕ್ಷರ ಮುಗೀತು, ಪಾರ್ಸಿಂಗ್ ಅಷ್ಟೇ. ಇವತ್ತಿನ ಸೀರಿಯಲ್ ಡ್ರೈವರ್‌ಗೂ ಅಕ್ಷರಕ್ಕೆ ಎಷ್ಟು ಬಿಟ್ ಅಂತ ನಾವು ಮೊದಲೇ ಹೇಳಿರ್ತೀವಿ.

ಆದರೆ ಕಷ್ಟ ಮಾಯವಾಗಲಿಲ್ಲ, ಆಪರೇಟರ್ ಕೈಗೆ ಬಂತು. ಯಂತ್ರ ಟಿಕ್ ಅಂದಾಗೆಲ್ಲ ಐದು ಕೀಲಿಗಳಲ್ಲಿ ಬೇಕಾದವನ್ನು ಒಟ್ಟಿಗೆ ಒತ್ತಬೇಕು, ತಾಳ ತಪ್ಪುವಂತಿಲ್ಲ. 1903ರಲ್ಲಿ, 57ನೇ ವಯಸ್ಸಿಗೆ, ಬೋಡೋ ತೀರಿಕೊಂಡರು. ಅಳತೆಗೆ ಅವರ ಹೆಸರಿಟ್ಟಿದ್ದು ಆಮೇಲೆ.