ಎನಿಗ್ಮಾ ಗುಟ್ಟು ಒಡೆದ ಟ್ಯೂರಿಂಗ್

ರಾಮನಗರ, ಚನ್ನಪಟ್ಟಣದಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಹೋಗುವ ನಮ್ಮ ಕಡೆಯ ಎಷ್ಟೋ ಹುಡುಗ ಹುಡುಗಿಯರಿಗೆ ಅಲನ್ ಟ್ಯೂರಿಂಗ್ ಎಂದರೆ ಸಿಲಬಸ್‌ನಲ್ಲಿ ಬರುವ ಒಂದು ‘ಮಷೀನ್’ ಅಷ್ಟೇ. ಆ ಹೆಸರಿನ ಮನುಷ್ಯನಿಗೆ ನಮ್ಮ ನೆಲದ ನಂಟೂ ಇತ್ತು. ತಾಯಿ ಸಾರಾ ಅವರ ತಂದೆ ಎಡ್ವರ್ಡ್ ಸ್ಟೋನಿ ಮದ್ರಾಸ್ ರೈಲ್ವೆಯ ಎಂಜಿನಿಯರ್, ತುಂಗಭದ್ರೆಗೆ ಸೇತುವೆ ಕಟ್ಟಿಸಿದವರು. ತಂದೆ ಜೂಲಿಯಸ್ ಐಸಿಎಸ್ ಅಧಿಕಾರಿಯಾಗಿ ಬಳ್ಳಾರಿಯಲ್ಲೂ ಕೆಲಸ ಮಾಡಿದ್ದರು.

ಅಲನ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್‌ನಲ್ಲಿ. ಅಣ್ಣನ ಜೊತೆ ಕೂಸನ್ನೂ ಇಂಗ್ಲೆಂಡಿನಲ್ಲೇ ಒಬ್ಬ ನಿವೃತ್ತ ಸೇನಾಧಿಕಾರಿಯ ಮನೆಯಲ್ಲಿ ಬಿಟ್ಟು ಹೆತ್ತವರು ಭಾರತಕ್ಕೆ ಮರಳಿದರು. ಹಾಗೆ ಬೇರೆಯವರ ಮನೆಯಲ್ಲಿ ಬೆಳೆದ ಹುಡುಗ ಕೇಂಬ್ರಿಜ್ ಸೇರಿ, 1936ರಲ್ಲಿ ಎಲ್ಲ ಲೆಕ್ಕಗಳನ್ನೂ ಮಾಡಬಲ್ಲ ಯಂತ್ರವೊಂದನ್ನು ಕಾಗದದ ಮೇಲೆ ಕಲ್ಪಿಸಿದರು.

1939ರ ಸೆಪ್ಟೆಂಬರ್ 4, ಬ್ರಿಟನ್ ಯುದ್ಧ ಸಾರಿದ ಮರುದಿನ, ಅವರು ಬ್ಲೆಚ್ಲಿ ಪಾರ್ಕ್‌ಗೆ ಹಾಜರಾದರು. ಜರ್ಮನರ ಎನಿಗ್ಮಾ ಯಂತ್ರದ ಸಂದೇಶಗಳನ್ನು ಒಡೆಯುವುದು ಕೆಲಸ. ಪೋಲೆಂಡಿನ ಗಣಿತಜ್ಞರು 1932ರಲ್ಲೇ ಅದನ್ನು ಭೇದಿಸಿದ್ದರು. ಅವರ ಹೆಸರನ್ನು ನಾವು ಸುಲಭವಾಗಿ ಮರೆಯುತ್ತೇವೆ. ಯಂತ್ರದ ಜೋಡಣೆಗಳು ಕೋಟಿ ಕೋಟಿಗೂ ಮೀರಿದ್ದವು, ಒಂದೊಂದಾಗಿ ಪರೀಕ್ಷಿಸುವುದು ಆಗದ ಮಾತು. ಆದರೆ ಅದರಲ್ಲಿ ಯಾವ ಅಕ್ಷರವೂ ತಾನೇ ಆಗಿ ಹೊರಬರುತ್ತಿರಲಿಲ್ಲ. ಜೊತೆಗೆ ಹವಾಮಾನ ವರದಿಯಂಥ ಸಂದೇಶಗಳಲ್ಲಿ ದಿನವೂ ಅವೇ ಪದಗಳು. ಊಹಿಸಿದ ಪದವನ್ನು ಗೂಢಲಿಪಿಯ ಕೆಳಗೆ ಸರಿಸುತ್ತಾ ಹೋಗಿ, ಒಂದೇ ಅಕ್ಷರ ಮೇಲೆ ಕೆಳಗೆ ಎದುರಾದ ಜಾಗಗಳನ್ನು ಬಿಟ್ಟುಬಿಡಬಹುದಿತ್ತು. ಉಳಿದ ಸಾಧ್ಯತೆಗಳನ್ನು ಟ್ಯೂರಿಂಗ್ ವಿನ್ಯಾಸದ ‘ಬಾಂಬ್’ ಯಂತ್ರ ಜಾಲಾಡುತ್ತಿತ್ತು. ಅಟ್ಲಾಂಟಿಕ್‌ನಲ್ಲಿ ಆಹಾರ ತರುತ್ತಿದ್ದ ಹಡಗುಗಳ ಗತಿ ಇದರ ಮೇಲೆ ನಿಂತಿತ್ತು.

ಕೋಡ್ ಬರೆಯುವ ಗೆಳೆಯರು ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂದು ಗೂಢಲಿಪಿಗೆ ನಾವು ಸಿದ್ಧ ಲೈಬ್ರರಿಯನ್ನು ಕರೆಯುತ್ತೇವೆ, ಒಂದೆರಡು ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ಆದರೆ ಜಾವಾದಲ್ಲಿ ಬರೀ ಎಇಎಸ್ ಎಂದಷ್ಟೇ ಕೇಳಿದರೆ ಸಾಮಾನ್ಯವಾಗಿ ಸಿಗುವುದು ಇಸಿಬಿ ವಿಧಾನ. ಅದರಲ್ಲಿ ಕೀಲಿ ಒಂದೇ ಆಗಿದ್ದರೆ, ಒಂದೇ ತೆರನಾದ 16 ಬೈಟ್‌ಗಳು ಪ್ರತಿಸಲವೂ ಒಂದೇ ರೂಪದಲ್ಲಿ ಹೊರಬರುತ್ತವೆ. ಎಇಎಸ್ ಗಟ್ಟಿಯಾಗಿಯೇ ಇರುತ್ತದೆ, ಕದಿಯುವವನಿಗೆ ಮಾತ್ರ ಹವಾಮಾನ ವರದಿ ಸಿಕ್ಕಿರುತ್ತದೆ!

ಯುದ್ಧ ಮುಗಿದ ಮೇಲೆ ದೇಶ ಅವರನ್ನು ನಡೆಸಿಕೊಂಡ ರೀತಿ ಕ್ರೂರ. ಸಲಿಂಗ ಸಂಬಂಧ ಆಗ ಅಪರಾಧ. 1952ರಲ್ಲಿ ಶಿಕ್ಷೆಯಾಯಿತು, ಜೈಲು ತಪ್ಪಿಸಿಕೊಳ್ಳಲು ಹಾರ್ಮೋನ್ ಚಿಕಿತ್ಸೆಗೆ ಒಪ್ಪಬೇಕಾಯಿತು. ಸರ್ಕಾರದ ರಹಸ್ಯ ಕೆಲಸವೂ ಕೈತಪ್ಪಿತು. 1954ರ ಜೂನ್ 7ರಂದು, 41ನೇ ವಯಸ್ಸಿನಲ್ಲಿ, ಸೈನೈಡ್‌ನಿಂದ ಸತ್ತರು. ವಿಚಾರಣೆ ಅದನ್ನು ಆತ್ಮಹತ್ಯೆ ಎಂದಿತು, ತಾಯಿ ಒಪ್ಪಲಿಲ್ಲ. ರಾಣಿಯ ಕ್ಷಮಾದಾನ ಬಂದಿದ್ದು 2013ರಲ್ಲಿ.

1959ರಲ್ಲಿ ಸಾರಾ ಮಗನ ಜೀವನಚರಿತ್ರೆ ಪ್ರಕಟಿಸಿದರು. ಎನಿಗ್ಮಾ ಒಡೆದ ಕಥೆ ಅದರಲ್ಲಿಲ್ಲ. ಬ್ಲೆಚ್ಲಿಯ ಕೆಲಸ ಆಗಿನ್ನೂ ಸರ್ಕಾರಿ ರಹಸ್ಯವಾಗಿತ್ತು.